ಸಮೀಪದೃಷ್ಟಿಯಲ್ಲಿ ಕಾರ್ನಿಯಾದ ಬಲವಿಜ್ಞಾನ: ಚರಿತ್ರೆ

ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ. ಒತ್ತಿದರೆ ಅದು ಎಷ್ಟು ತಗ್ಗುತ್ತದೆ, ಬಿಟ್ಟರೆ ಹೇಗೆ ಮೊದಲಿನಂತಾಗುತ್ತದೆ, ಕಣ್ಣೊಳಗಿನ ಒತ್ತಡವನ್ನು ಬದುಕಿಡೀ ತಡೆದೂ ಆಕಾರವನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದನ್ನು ಅಳೆಯುವ ಶಾಸ್ತ್ರ ಕಾರ್ನಿಯಾದ ಬಲವಿಜ್ಞಾನ. ಮೈನಸ್ ನಂಬರಿನ ಚಾಳೀಸ ಹಾಕುವವರ ಕಣ್ಣಿನಲ್ಲಿ ಈ ಶಾಸ್ತ್ರ ಬೆಳೆದ ಬಗೆ ವಿಚಿತ್ರವಾದುದು. ಸಮೀಪದೃಷ್ಟಿ ಏಕೆ ಬರುತ್ತದೆ ಎಂದು ಹುಡುಕಿದವರಿಗೆ ಕಾರ್ನಿಯಾದ ಬಿಗಿಯನ್ನು ಅಳೆಯುವ ಅಗತ್ಯವೇ ಬೀಳಲಿಲ್ಲ. ಚಾಳೀಸ ತೆಗೆಸಲು ಕಾರ್ನಿಯಾಕ್ಕೆ ಕೈಹಾಕಿದ ಶಸ್ತ್ರವೈದ್ಯರು ಎಡವಿದ ಮೇಲೆಯೇ ಆ ಅಗತ್ಯ ಕಂಡಿತು. ಹಾಗಾಗಿ ಇದರ ಚರಿತ್ರೆಯನ್ನು ರೋಗದ ಚರಿತ್ರೆ ಎನ್ನುವುದಕ್ಕಿಂತ ಚಿಕಿತ್ಸೆಯ ಚರಿತ್ರೆ ಎಂದು ಓದುವುದೇ ಸರಿ.

ಸಮೀಪದೃಷ್ಟಿಯ ಕಣ್ಣಿನಲ್ಲಿ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುವುದರಿಂದ ಮಸುಕು ಕಾಣುತ್ತದೆ ಎಂಬ ವಿವರಣೆ 17ನೆಯ ಶತಮಾನದ ಆರಂಭದಲ್ಲಿ ಕೆಪ್ಲರನಿಂದ ಬಂತು. 1801ರಲ್ಲಿ ಥಾಮಸ್ ಯಂಗ್ ತನ್ನ ಕಣ್ಣಿನ ಮುಂದೆ ನೀರು ತುಂಬಿದ ಕೊಳವೆಯನ್ನಿಟ್ಟು ಕಾರ್ನಿಯಾದ ಬೆಳಕು ಬಾಗಿಸುವ ಶಕ್ತಿಯನ್ನು ಇಲ್ಲವಾಗಿಸಿ ನೋಡಿದ. ಹತ್ತಿರ-ದೂರಕ್ಕೆ ಕಣ್ಣು ಹೊಂದಿಕೊಳ್ಳುವ ಗುಣ ಆಗಲೂ ಉಳಿದಿದ್ದರಿಂದ, ಆ ಕೆಲಸ ಕಾರ್ನಿಯಾದ್ದಲ್ಲ ಎಂದು ಸಿದ್ಧವಾಯಿತು. ವಸ್ತುಗಳ ಬಿಗಿಯನ್ನು ಅಳೆಯುವ ಮಾನಕ್ಕೆ ಇಂದಿಗೂ ಇದೇ ಯಂಗನ ಹೆಸರಿದೆ. ಆದರೂ ಅವನ ಆ ಎರಡು ಆಸಕ್ತಿಗಳು ಕಾರ್ನಿಯಾದಲ್ಲಿ ಸೇರುವುದಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಕಾರಣವಿತ್ತು. 1850ರ ದಶಕದಲ್ಲಿ ನೇತ್ರವೈದ್ಯ ಆರ್ಲ್ಟ್ ಸಮೀಪದೃಷ್ಟಿಯ ಕಣ್ಣುಗುಡ್ಡೆಗಳನ್ನು ಸೀಳಿ ನೋಡಿ, ಅವು ಹಿಂದಕ್ಕೆ ಉದ್ದವಾಗಿ ಬೆಳೆದಿರುವುದನ್ನು ತೋರಿಸಿದ. 1864ರ ಗ್ರಂಥದಲ್ಲಿ ಡಾಂಡರ್ಸ್ ಅದನ್ನೇ ಗಟ್ಟಿಗೊಳಿಸಿದ. ಸುಮಾರು 24 ಮಿಲಿಮೀಟರ್ ಉದ್ದದ ಕಣ್ಣು ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ 2.5ರಿಂದ 3 ಡಯಾಪ್ಟರಿನಷ್ಟು ನಂಬರ್ ಏರುತ್ತದೆ. ದೋಷ ಹಿಂಭಾಗದಲ್ಲಿ ಸಿಕ್ಕಮೇಲೆ ಮುಂಭಾಗದ ಕಾರ್ನಿಯಾವನ್ನು ಯಾರೂ ಪ್ರಶ್ನಿಸಲಿಲ್ಲ.

ಪ್ರಶ್ನೆ ಎದ್ದದ್ದು ಚಾಕು ಬಂದಾಗ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದು. ಆದ್ದರಿಂದ ಉದ್ದವಾದ ಕಣ್ಣನ್ನು ಮೊಟಕು ಮಾಡಲಾಗದಿದ್ದರೂ, ಕಾರ್ನಿಯಾವನ್ನು ಚಪ್ಪಟೆ ಮಾಡಿ ಲೆಕ್ಕ ಸರಿದೂಗಿಸಬಹುದು. ಜಪಾನಿನ ಸಾಟೊ ಕಾರ್ನಿಯಾದ ಒಳಮೈಗೂ ಹೊರಮೈಗೂ ಗೀರು ಹಾಕಿದ; ಒಳಮೈಯ ಜೀವಕೋಶಗಳು ಸತ್ತು, ವರ್ಷಗಳು ಕಳೆದಂತೆ ಆ ಕಣ್ಣುಗಳಲ್ಲಿ ಬಹಳಷ್ಟು ಮಂಜಾದವು. 1970ರ ದಶಕದಲ್ಲಿ ರಷ್ಯದ ಫ್ಯೋಡರೊವ್ ಹೊರಮೈಯಲ್ಲಿ ಮಾತ್ರ ಚಕ್ರದ ಕಡ್ಡಿಗಳಂತೆ ಸುತ್ತಲೂ ಗೀರುವ ಕ್ರಮವನ್ನು ಜನಪ್ರಿಯಗೊಳಿಸಿದ. ಗೀರಿದ ಅಂಚು ಸಡಿಲವಾಗಿ ಉಬ್ಬಿದರೆ ನಡುಭಾಗ ತಾನಾಗಿ ಚಪ್ಪಟೆಯಾಗುತ್ತದೆ. ಇದು ಅಪ್ಪಟ ಬಲವಿಜ್ಞಾನವೇ, ಆದರೆ ಬಲವನ್ನು ಅಳೆಯದೆ ಅಂದಾಜಿನ ಮೇಲೆ ನಡೆದದ್ದು. ಬೆಲೆ ತೆತ್ತದ್ದು ರೋಗಿಗಳು. ಅಮೆರಿಕದಲ್ಲಿ ಹೀಗೆ ಗೀರಿಸಿಕೊಂಡವರನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು: ಶೇ. 43ರಷ್ಟು ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ದೂರದೃಷ್ಟಿಯ ಕಡೆಗೆ ಜಾರಿದ್ದವು. ಗೀರು ಮಾಯ್ದರೂ ಬಿಗಿ ಮರಳಿರಲಿಲ್ಲ. 1996ರಲ್ಲಿ ಎವರೆಸ್ಟ್ ಏರುತ್ತಿದ್ದ ಬೆಕ್ ವೆದರ್ಸ್ ಎಂಬ ವೈದ್ಯರು ದಾರಿಯಲ್ಲೇ ದೃಷ್ಟಿ ಮಂಕಾಗಿ ನಿಲ್ಲಬೇಕಾಯಿತು. ಅವರದೂ ಇಂಥ ಗೀರುಗಳ ಕಣ್ಣೇ, ಎತ್ತರದ ವಿರಳ ಗಾಳಿಯಲ್ಲಿ ಅದರ ಆಕಾರ ಬದಲಾಗಿತ್ತು.

ಲೇಸರ್ ಬಂದ ಮೇಲೆ ಅಂದಾಜು ಮುಗಿಯಿತು ಎಂದು ಎಲ್ಲರೂ ಭಾವಿಸಿದರು. ಎಕ್ಸೈಮರ್ ಲೇಸರ್ ಸುತ್ತಲಿನ ಅಂಗಾಂಶವನ್ನು ಸುಡದೆ ಕೊರೆಯುತ್ತದೆ ಎಂದು ತೋರಿಸಿದವರಲ್ಲಿ ಪ್ರಮುಖರು ಮದರಾಸಿನಲ್ಲಿ ಓದಿ ಐಬಿಎಂ ಸೇರಿದ ರಂಗಸ್ವಾಮಿ ಶ್ರೀನಿವಾಸನ್. 1983ರಲ್ಲಿ ಅವರೂ ನೇತ್ರವೈದ್ಯ ಟ್ರೋಕಲ್‌ರೂ ಅದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದರು. ಎಷ್ಟು ಕೊರೆಯಬೇಕೆಂಬ ಸೂತ್ರವನ್ನು 1988ರಲ್ಲಿ ಮನರ್ಲಿನ್ ಕೊಟ್ಟ: ಆರು ಮಿಲಿಮೀಟರ್ ಅಗಲದಲ್ಲಿ ಆರು ಡಯಾಪ್ಟರ್ ತೆಗೆಯಲು ಸುಮಾರು 72 ಮೈಕ್ರಾನ್ ಆಳ. ಸೂತ್ರ ಅಚ್ಚುಕಟ್ಟಾಗಿದೆ, ಆದರೆ ಅದು ಕಾರ್ನಿಯಾವನ್ನು ಬರೀ ಗಾಜೆಂದು ಎಣಿಸುತ್ತದೆ. ನಿಜದ ಕಾರ್ನಿಯಾ ನಡುವೆ ಸುಮಾರು 540 ಮೈಕ್ರಾನ್ ದಪ್ಪದ, ನೂರಾರು ಕೊಲಾಜನ್ ಪದರಗಳ ಹೆಣಿಗೆ. ಪದರಗಳು ಬೇರ್ಪಡುತ್ತವೆ ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ: 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ದಾನ ಮಾಡಿದ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂದಿನ, ಹಿಂದಿನ ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಈ ಕೊಲಾಜನ್ ಹೆಣಿಗೆ ಮುಂಭಾಗದಲ್ಲಿ ಬಿಗಿ, ಹಿಂಭಾಗದಲ್ಲಿ ಸಡಿಲ. ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಅದರಡಿ ಲೇಸರಿನಿಂದ ಕೊರೆಯುವ ಲಾಸಿಕ್ ವಿಧಾನ ಕತ್ತರಿಸುವುದು ಬಿಗಿಯಾದ ಮುಂಭಾಗವನ್ನೇ. 1998ರಲ್ಲಿ ಸೈಲರ್ ಮತ್ತು ಸಂಗಡಿಗರು ಲಾಸಿಕ್ ಆದಮೇಲೆ ಕಾರ್ನಿಯಾ ಮುಂದಕ್ಕೆ ಉಬ್ಬಿದ ಪ್ರಕರಣಗಳನ್ನು ವರದಿ ಮಾಡಿದರು. ಕೊರೆದ ಜಾಗದ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕೆಂಬ ನಿಯಮ ಬಲಗೊಂಡಿತು. ಆದರೆ ದಪ್ಪವಿದ್ದೂ ಬಿಗಿಯಿಲ್ಲದ ಕಾರ್ನಿಯಾ ಆ ನಿಯಮದ ಕಣ್ಣು ತಪ್ಪಿಸುತ್ತದೆ.

ಕರ್ನಾಟಕ ಈ ಚರಿತ್ರೆಗೆ ತಡವಾಗಿ ಬಂದುದು ಸಹಜ. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರು ತಿರುಗಿ ಶಿಬಿರ ನಡೆಸಿದ ಕಾಲದಲ್ಲಿ ಇಲ್ಲಿನ ಜನರನ್ನು ಕುರುಡಾಗಿಸುತ್ತಿದ್ದುದು ಕಣ್ಣಿನ ಪೊರೆ. ಹುಬ್ಬಳ್ಳಿಯಲ್ಲಿ 1967ರಲ್ಲಿ ಡಾ. ಎಂ. ಎಂ. ಜೋಶಿ ಆಸ್ಪತ್ರೆ ಆರಂಭಿಸಿದಾಗಲೂ ಮೊದಲ ಸಾಲಿನ ಶತ್ರು ಅದೇ. ಹುಬ್ಬಳ್ಳಿ ಬೈಪಾಸಿನ ಅಂಚಿನ ಗಬ್ಬೂರಿನಂಥ ಊರಿನ ಹುಡುಗರೂ ಚಾಳೀಸ ಬಿಡಿಸಲು ಲೇಸರ್ ವಿಚಾರಿಸುವ ಕಾಲ ಬಂದದ್ದು ಆಮೇಲೆ. ಆದರೆ ಬಲವನ್ನು ಅಳೆಯುವ ಹಂತದಲ್ಲಿ ರಾಜ್ಯ ಹಿಂದೆ ಬೀಳಲಿಲ್ಲ. 1982ರಲ್ಲಿ ಡಾ. ಭುಜಂಗ ಶೆಟ್ಟಿ ಸ್ಥಾಪಿಸಿದ ನಾರಾಯಣ ನೇತ್ರಾಲಯದಲ್ಲಿ ಡಾ. ರೋಹಿತ್ ಶೆಟ್ಟಿಯವರೂ ಎಂಜಿನಿಯರ್ ಅಭಿಜಿತ್ ಸಿನ್ಹಾ ರಾಯ್ ಅವರೂ ಜೊತೆಯಾಗಿ, ಗಾಳಿಯ ಹೊಡೆತಕ್ಕೆ ಕಾರ್ನಿಯಾ ತಗ್ಗುವುದನ್ನು ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಹಿಡಿಯುವ ಕಾರ್ವಿಸ್ ಯಂತ್ರದ ಮಾಪನಗಳನ್ನು ಗಣಿತದ ಮಾದರಿಗಳಿಗೆ ಕೂಡಿಸಿದರು. ದೊಡ್ಡ ಮುಚ್ಚಳ ಎತ್ತದೆ ಸಣ್ಣ ಸೀಳಿನಿಂದ ಅಂಗಾಂಶ ತೆಗೆಯುವ ಸ್ಮೈಲ್ ವಿಧಾನವನ್ನು ಲಾಸಿಕ್‌ನೊಂದಿಗೆ ಹೋಲಿಸುವ ಕೆಲಸವೂ ಅಲ್ಲಿ ನಡೆದಿದೆ. ಮುಂಭಾಗದ ಪದರಗಳು ಉಳಿಯುವುದರಿಂದ ಸ್ಮೈಲ್ ಕಣ್ಣು ಹೆಚ್ಚು ಗಟ್ಟಿ ಎನ್ನುವುದು ಸಿದ್ಧಾಂತ. ಲೋಕದಾದ್ಯಂತ ಜೀವಂತ ಕಣ್ಣುಗಳಲ್ಲಿ ಅಳೆದಾಗ ಆ ಲಾಭ ಜಾಹೀರಾತು ಹೇಳುವಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. 2005ರಲ್ಲಿ ಲೂಸ್ ವಿವರಿಸಿದ ಯಂತ್ರ ಕಾರ್ನಿಯಾ ಒಳಗೆ ತಗ್ಗುವಾಗಿನ ಮತ್ತು ಮರಳುವಾಗಿನ ಒತ್ತಡಗಳ ವ್ಯತ್ಯಾಸವನ್ನು, ಅಂದರೆ ಹಿಸ್ಟರೀಸಿಸ್ ಅನ್ನು, ಅಳೆಯುತ್ತದೆ. ಹೆಚ್ಚು ನಂಬರಿನವರಲ್ಲಿ ಇದು ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಹಾಗಾದರೆ ಮೆದು ಕಾರ್ನಿಯಾವೇ ಸಮೀಪದೃಷ್ಟಿಯ ಬೇರಲ್ಲವೇ? ಆಕ್ಷೇಪಕ್ಕೆ ತೂಕವಿದೆ, ಆದರೆ ಅದು ನಿಲ್ಲುವುದಿಲ್ಲ. ಕಾರ್ನಿಯಾ ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಬಹುತೇಕ ಪೂರ್ಣ ಗಾತ್ರಕ್ಕೆ ಬರುತ್ತದೆ. ನಂಬರ್ ಏರುವುದು ಶಾಲೆಯ ವಯಸ್ಸಿನಲ್ಲಿ, ಹಿಂಭಾಗದ ಬಿಳಿಗೋಡೆ ಹಿಗ್ಗುವುದರಿಂದ. ಮಕ್ಕಳಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ: ಕೆಲವು ಸಂಬಂಧ ಕಂಡರೆ ಕೆಲವು ಕಾಣಲಿಲ್ಲ. ಮೇಲಾಗಿ ಹಿಸ್ಟರೀಸಿಸ್ ಬಿಗಿಯ ಅಳತೆಯಲ್ಲ. ಅಂಗಾಂಶ ಎಷ್ಟು ಶಕ್ತಿಯನ್ನು ಹೀರುತ್ತದೆ ಎಂಬುದರ ಸೂಚನೆ. ಕಣ್ಣಿನ ಒತ್ತಡ, ಕಾರ್ನಿಯಾದ ದಪ್ಪ ಎರಡೂ ಅದರಲ್ಲಿ ಬೆರೆತಿರುತ್ತವೆ. ಇಡೀ ಕಣ್ಣುಗೋಡೆ ಹಿಗ್ಗಿದಾಗ ಮುಂಭಾಗದಲ್ಲೂ ಅದರ ಗುರುತು ಮೂಡಿರಬಹುದು ಎನ್ನುವಷ್ಟಕ್ಕೆ ಸಾಕ್ಷ್ಯವಿದೆ. ಗುರುತನ್ನೇ ಕಾರಣವೆನ್ನಲು ಇಲ್ಲ.

ಇನ್ನೊಂದು ಆಕ್ಷೇಪ: ಈ ಶಾಸ್ತ್ರ ಶಸ್ತ್ರಚಿಕಿತ್ಸೆಗಿಂತ ಹಳೆಯದು, ಕಣ್ಣೊಳಗಿನ ಒತ್ತಡ ಅಳೆಯುವ ಗ್ಲಾಕೋಮಾ ವೈದ್ಯರು ಅದನ್ನು ಮೊದಲೇ ಬಲ್ಲರು. ಇದು ಅರ್ಧ ನಿಜ. 1957ರಲ್ಲಿ ಗೋಲ್ಡ್‌ಮನ್ ರೂಪಿಸಿದ ಒತ್ತಡಮಾಪಕ 3.06 ಮಿಲಿಮೀಟರ್ ವ್ಯಾಸದಷ್ಟು ಕಾರ್ನಿಯಾವನ್ನು ಚಪ್ಪಟೆ ಮಾಡಿ ಅಳೆಯುತ್ತದೆ, ಎಲ್ಲರ ಕಾರ್ನಿಯಾವೂ ಸರಿಸುಮಾರು ಒಂದೇ ದಪ್ಪ ಎಂದು ಎಣಿಸಿ. ಬಿಗಿಯ ಪ್ರಶ್ನೆಯನ್ನು ಬದಿಗಿಡಲೆಂದೇ ಆ ಯಂತ್ರ ಹುಟ್ಟಿದ್ದು. ಲೇಸರ್ ಆದ ತೆಳು ಕಾರ್ನಿಯಾ ಅದರ ಮುಂದೆ ಕೂತಾಗ ಒತ್ತಡ ಇದ್ದುದಕ್ಕಿಂತ ಕಡಿಮೆ ತೋರುತ್ತದೆ. ಅದೇ ಜನರಿಗೆ, ಸಮೀಪದೃಷ್ಟಿಯ ಕಾರಣದಿಂದ, ಗ್ಲಾಕೋಮಾದ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಲೇಸರ್ ಮಾಡಿಸಿಕೊಂಡವರು ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕಣ್ಣಿನ ಒತ್ತಡ ತೋರಿಸಲು ಹೋದಾಗ, ಚಾಳೀಸ ಹೋಗಿ ಎಷ್ಟೇ ವರ್ಷವಾಗಿದ್ದರೂ, ತಮ್ಮ ಹಳೆಯ ನಂಬರನ್ನೂ ಶಸ್ತ್ರಚಿಕಿತ್ಸೆಯ ಕಾಗದವನ್ನೂ ವೈದ್ಯರ ಮುಂದಿಡಬೇಕು.