ಬಿನ್ನಹದಿಂದ ಮತದವರೆಗೆ

ಶಿರಾದ ಕೋಟೆಯನ್ನು ಇಂದು ನೋಡುವವರಿಗೆ, ಅದು ಹಿಂದೆ ಒಂದು ದೊಡ್ಡ ಪ್ರಾಂತದ ಮುಖ್ಯಸ್ಥಳವಾಗಿದ್ದಿತೆಂದು ನಂಬುವುದು ಕಷ್ಟ. 1687ರಲ್ಲಿ ಮೊಗಲರು ಈ ಭಾಗವನ್ನು ಗೆದ್ದು ಶಿರಾವನ್ನು ತಮ್ಮ ಸುಭೆಯ ಕೇಂದ್ರವನ್ನಾಗಿ ಮಾಡಿಕೊಂಡರು. ಆ ಮೇಲೆ ಮರಾಠರು ಬಂದರು. 1761ರಲ್ಲಿ ಅದು ಹೈದರನ ಕೈಸೇರಿತು. ಮಧುಗಿರಿ, ಪಾವಗಡಗಳ ಬೆಟ್ಟದ ಕೋಟೆಗಳೂ ಕೊರಟಗೆರೆಯ ಪಾಳೆಯಪಟ್ಟೂ ಹೀಗೆಯೇ ಕೈ ಬದಲಾಯಿಸಿದುವು. ಕೋಟೆಯ ಮೇಲೆ ಯಾರ ಬಾವುಟ ಹಾರಿದರೂ ಕಂದಾಯವನ್ನು ತೆರುವವನು ಅದೇ ರೈತ. ಯಾರಿಗೆ ತೆರಬೇಕೆಂದು ಅವನನ್ನು ಕೇಳಿದವರಿಲ್ಲ.

ಮೈಸೂರು ದೇಶವನ್ನು ವಸಾಹತೆಂದು ಕರೆಯಬಹುದೇ ಎಂದು ಕೆಲವರು ಶಂಕಿಸಬಹುದು. ಅರಸುಮನೆತನವೇನೋ ಇದ್ದಿತು. ಆದರೆ 1831ರಿಂದ 1881ರವರೆಗೆ ಆಡಳಿತವನ್ನು ನಡೆಸಿದವರು ಇಂಗ್ಲಿಷ್ ಕಮಿಷನರುಗಳು. 1799ರ ಒಪ್ಪಂದದಂತೆ ವರ್ಷಕ್ಕೆ 24½ ಲಕ್ಷ ರೂಪಾಯಿಗಳ ಪೊಗದಿ ಆಂಗ್ಲ ಸರ್ಕಾರಕ್ಕೆ ಸಲ್ಲುತ್ತಿದ್ದಿತು. 1896ರಿಂದ ಅದು 35 ಲಕ್ಷಕ್ಕೆ ಏರಿತು. ಹೆಸರು ಏನೇ ಇರಲಿ, ಲೆಕ್ಕದ ಪುಸ್ತಕ ಸುಳ್ಳು ಹೇಳದು.

ಧಾತು, ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಹಿರಿಯರು ಹೆಸರೆತ್ತಿ ಹೇಳುತ್ತಿದ್ದರು. ಕೆರೆಯ ನೀರನ್ನೇ ನಂಬಿದ ಈ ಬಯಲುಸೀಮೆಗೆ ಅದು ಯಮಸದೃಶವಾಗಿದ್ದಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಇಷ್ಟು ಬಡವಾದ ರಾಜ್ಯವನ್ನು ಅದೇ ವರ್ಷ ಅರಸರಿಗೆ ಮರಳಿ ಒಪ್ಪಿಸಲಾಯಿತು.

ದಿವಾನ್ ರಂಗಾಚಾರ್ಲು ಅವರು ಆ ವರ್ಷದ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ನೆರೆದವರು 144 ಮಂದಿ, ಭೂಮಾಲೀಕರೂ ವರ್ತಕರೂ. ದಿವಾನರು ವರದಿಯನ್ನು ಓದುವರು. ಸದಸ್ಯರು ತಮ್ಮ ಸೀಮೆಯ ಅಹವಾಲನ್ನು ಹೇಳಿಕೊಳ್ಳುವರು. ತೀರ್ಮಾನ ಮಾತ್ರ ಸರ್ಕಾರದ್ದು. ಇದನ್ನೇ ಪ್ರಜಾಪ್ರಭುತ್ವವೆಂದು ಹೊಗಳುವ ರೂಢಿಯುಂಟು. ನನಗೆ ಅಷ್ಟು ಧೈರ್ಯವಿಲ್ಲ. ಆದರೂ ಬಿನ್ನಹ ಮಾಡಲು ಕಲಿತವನು ಒಂದು ದಿನ ಹಕ್ಕನ್ನು ಕೇಳದಿರುವನೇ? 1891ರಲ್ಲಿ ಚುನಾವಣೆಯ ಕ್ರಮ ಬಂದಿತು. ಮತವೇನೋ ಆಸ್ತಿ, ವಿದ್ಯೆಗಳುಳ್ಳವರ ಪಾಲಿಗೇ ಉಳಿಯಿತು.

ಹಕ್ಕಿನ ಮಾತಿಗೆ ರಕ್ತದ ಬೆಲೆ ತೆರಬೇಕಾಯಿತು. ಮಧುಗಿರಿಯ ಗಡಿಗೆ ತಗುಲಿದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ಧ್ವಜವಂದನೆಗೆಂದು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಬಹುಮಟ್ಟಿಗೆ ಹಳ್ಳಿಗರು. 1947ರ ಆಗಸ್ಟ್ ಕಳೆದ ಮೇಲೂ ಮೈಸೂರಿನಲ್ಲಿ ಚಳವಳಿ ನಡೆಯಬೇಕಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಪಾವಗಡದ ಸಂಗತಿಯೇ ಬೇರೆ. ಸುತ್ತಲೂ ಬಹುಮಟ್ಟಿಗೆ ಮದರಾಸು ಆಧಿಪತ್ಯ, ನಡುವೆ ದ್ವೀಪದಂತೆ ಮೈಸೂರಿನ ಒಂದು ತಾಲ್ಲೂಕು. ಗಡಿಯ ಎರಡು ಕಡೆಯೂ ತೆಲುಗು, ಕನ್ನಡ, ನಂಟಸ್ತಿಕೆ ಒಂದೇ. ಆದರೆ ಇತ್ತ ಅಣ್ಣ ಮಹಾರಾಜರ ಪ್ರಜೆ, ಅತ್ತ ತಂಗಿ ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆ. 1950ರ ಜನವರಿ 26ರಂದು ಇಬ್ಬರಿಗೂ ಒಂದೇ ಸಂವಿಧಾನವಾಯಿತು. 1951-52ರ ಚುನಾವಣೆಯಲ್ಲಿ 21 ವರ್ಷ ತುಂಬಿದವರಿಗೆಲ್ಲ ಮತ ದೊರೆಯಿತು. ಆಸ್ತಿ, ಅಕ್ಷರಗಳನ್ನು ಯಾರೂ ಕೇಳಲಿಲ್ಲ.

ಈಗ ಅದೇ ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಹೊಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕೇಂದ್ರವಿದೆ. ನೆಲವನ್ನು ಕಿತ್ತುಕೊಳ್ಳದೆ ಗೇಣಿಗೆ ಪಡೆದರು, ಇದು ಮೆಚ್ಚತಕ್ಕದ್ದು. ಗೇಣಿಯ ಹಣ ಹೊಲದ ಒಡೆಯನಿಗೆ ಸಲ್ಲುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದವನ ಹೆಸರು ಆ ಪತ್ರದಲ್ಲಿಲ್ಲ. 1881ರ ಸಭೆಯಲ್ಲಿಯೂ ಅವನಿಗೆ ಸ್ಥಳವಿರಲಿಲ್ಲ; ಮತದಾರರ ಪಟ್ಟಿಯಲ್ಲಿ ಇದೆ.