ವೆಬ್ ಸೇವೆಗಳು

ಒಂದು ಕಂಪ್ಯೂಟರಿನ ತಂತ್ರಾಂಶ ಅಂತರಜಾಲದ ಮೂಲಕ ಇನ್ನೊಂದು ಕಂಪ್ಯೂಟರಿನ ತಂತ್ರಾಂಶದಿಂದ ಮಾಹಿತಿ ಪಡೆಯಲು ಅಥವಾ ಕೆಲಸ ಮಾಡಿಸಿಕೊಳ್ಳಲು ಇರುವ ವ್ಯವಸ್ಥೆಗೆ ವೆಬ್ ಸೇವೆ ಎಂದು ಹೆಸರು. ಜಾಲತಾಣದ ಪುಟವನ್ನು ಓದುವವರು ಮನುಷ್ಯರು. ವೆಬ್ ಸೇವೆಯ ಉತ್ತರವನ್ನು ಓದುವುದು ಮತ್ತೊಂದು ತಂತ್ರಾಂಶ. ಹಾಗಾಗಿ ಅದರಲ್ಲಿ ಬಣ್ಣ, ಚಿತ್ರ, ಪುಟವಿನ್ಯಾಸ ಯಾವುದೂ ಇರುವುದಿಲ್ಲ. ಯಾವ ಮಾಹಿತಿ ಯಾವ ಹೆಸರಿನಡಿ ಬರಬೇಕೆಂದು ಮೊದಲೇ ಗೊತ್ತುಮಾಡಿಕೊಂಡ ಸಂದೇಶವಷ್ಟೇ ಇರುತ್ತದೆ. ಮನಿಯಾರ್ಡರ್ ಫಾರಂ ತುಂಬಿದವರು ಯಾರೇ ಆಗಿರಲಿ, ಅದರ ಅಂಕಣಗಳು ಎಲ್ಲ ಅಂಚೆ ಕಚೇರಿಗಳಿಗೂ ಅರ್ಥವಾಗುತ್ತಿದ್ದ ಹಾಗೆ, ಈ ಸಂದೇಶದ ಅಂಕಣಗಳು ಎರಡೂ ಕಡೆಯವರಿಗೆ ತಿಳಿದಿರುತ್ತವೆ. ಒಂದು ಕಡೆಯ ತಂತ್ರಾಂಶ ಜಾವಾದಲ್ಲಿ, ಇನ್ನೊಂದು ಪೈಥಾನಿನಲ್ಲಿ ಬರೆದದ್ದಿರಬಹುದು. ಒಂದರ ಒಳರಚನೆ ಇನ್ನೊಂದಕ್ಕೆ ತಿಳಿಯಬೇಕಾಗಿಲ್ಲ. ಏನು ಕೇಳಬಹುದು, ಹೇಗೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬ ಕರಾರು ಮಾತ್ರ ತಿಳಿದಿರಬೇಕು. ಈ ಕರಾರನ್ನು ತಂತ್ರಜ್ಞರು ಎಪಿಐ ಎನ್ನುತ್ತಾರೆ.

ಸಂದೇಶದ ಸಾಗಾಟಕ್ಕೆ ಬಹುತೇಕ ಬಳಕೆಯಾಗುವುದು ಎಚ್‌ಟಿಟಿಪಿ, ಅಂದರೆ ಬ್ರೌಸರುಗಳು ಪುಟಗಳನ್ನು ತರಿಸಿಕೊಳ್ಳುವ ಅದೇ ಪ್ರೋಟೋಕಾಲ್. ಕೇಳುವ ತಂತ್ರಾಂಶವನ್ನು ಕ್ಲೈಂಟ್ ಎಂದೂ ಉತ್ತರಿಸುವುದನ್ನು ಸರ್ವರ್ ಎಂದೂ ಕರೆಯುತ್ತಾರೆ. ಮಾಹಿತಿ ಓದಲು ಗೆಟ್, ಹೊಸತನ್ನು ಸಲ್ಲಿಸಲು ಪೋಸ್ಟ್, ಇದ್ದದ್ದನ್ನು ಬದಲಿಸಲು ಪುಟ್, ತೆಗೆದುಹಾಕಲು ಡಿಲೀಟ್ ಎಂಬ ಕೋರಿಕೆಗಳಿವೆ. ಪ್ರತಿ ಉತ್ತರದ ತಲೆಯಲ್ಲೂ ಮೂರಂಕಿಯ ಸಂಖ್ಯೆಯೊಂದು ಬರುತ್ತದೆ: 200 ಬಂದರೆ ಕೆಲಸ ಆಯಿತು, 401 ಬಂದರೆ ಗುರುತು ದೃಢಪಟ್ಟಿಲ್ಲ, 404 ಬಂದರೆ ಕೇಳಿದ್ದು ಅಲ್ಲಿಲ್ಲ, 503 ಬಂದರೆ ಸರ್ವರ್ ಸದ್ಯಕ್ಕೆ ಉತ್ತರಿಸುವ ಸ್ಥಿತಿಯಲ್ಲಿಲ್ಲ. ಮುಂದೇನು ಮಾಡಬೇಕೆಂದು ಕ್ಲೈಂಟ್ ಈ ಸಂಖ್ಯೆ ನೋಡಿಯೇ ತೀರ್ಮಾನಿಸುತ್ತದೆ.

ಬೆಳೆದು ಬಂದ ಬಗೆ

ದೂರದ ಕಂಪ್ಯೂಟರಿನಿಂದ ಕೆಲಸ ಮಾಡಿಸಿಕೊಳ್ಳುವ ಆಲೋಚನೆ ವೆಬ್‌ಗಿಂತ ಹಳೆಯದು. ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಪ್ರಯೋಗಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ಈ ದಾರಿಯಲ್ಲಿ ಮುಖ್ಯವಾದದ್ದು. 1990ರ ದಶಕದಲ್ಲಿ ಕೋರ್ಬಾ, ಮೈಕ್ರೋಸಾಫ್ಟ್‌ನ ಡಿಕಾಮ್ ಮೊದಲಾದ ವ್ಯವಸ್ಥೆಗಳು ಬಂದವು. ಒಂದೇ ಸಂಸ್ಥೆಯ ಗೋಡೆಗಳ ಒಳಗೆ ಅವು ನಡೆದವು. ಹೊರಗೆ ಕಾಲಿಟ್ಟಾಗ ಫೈರ್‌ವಾಲ್‌ಗಳು ತಡೆದವು, ಒಬ್ಬರ ವ್ಯವಸ್ಥೆ ಇನ್ನೊಬ್ಬರದ್ದಕ್ಕೆ ಹೊಂದಲಿಲ್ಲ.

ಜಾಲತಾಣಗಳಿಗಾಗಿ ಎಲ್ಲ ಸಂಸ್ಥೆಗಳೂ ಎಚ್‌ಟಿಟಿಪಿಯ ಬಾಗಿಲನ್ನು ಹೇಗೂ ತೆರೆದಿಟ್ಟಿದ್ದವು. 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಶಿಷ್ಟರೂಪವಾಗಿ ಹೊರಬಂತು. ಇವೆರಡನ್ನೂ ಕೂಡಿಸಿ ಸಂದೇಶ ಕಳಿಸುವ ಸೋಪ್ ಎಂಬ ಪ್ರೋಟೋಕಾಲನ್ನು ಡೇವ್ ವೈನರ್, ಡಾನ್ ಬಾಕ್ಸ್ ಮತ್ತು ಅವರ ಸಂಗಡಿಗರು ಅದೇ ವರ್ಷ ರೂಪಿಸಿದರು. ಸೇವೆಯೊಂದರ ಕರಾರನ್ನು ಯಂತ್ರವೇ ಓದಿಕೊಳ್ಳುವಂತೆ ವಿವರಿಸುವ ಡಬ್ಲ್ಯುಎಸ್‌ಡಿಎಲ್, ಜಗತ್ತಿನ ಸೇವೆಗಳ ಪಟ್ಟಿಯಾಗಬೇಕಿದ್ದ ಯುಡಿಡಿಐ ಜೊತೆಗೆ ಸೇರಿದವು. ಆ ಪಟ್ಟಿಯ ಕನಸು ಕೈಗೂಡಲಿಲ್ಲ. ಐಬಿಎಂ, ಮೈಕ್ರೋಸಾಫ್ಟ್ ಮತ್ತು ಸ್ಯಾಪ್ ತಮ್ಮ ಸಾರ್ವಜನಿಕ ಯುಡಿಡಿಐ ನೋಂದಣಿಗಳನ್ನು 2006ರಲ್ಲಿ ಮುಚ್ಚಿದವು. ಪರಿಚಯವಿಲ್ಲದ ಸೇವೆಯೊಂದನ್ನು ಯಂತ್ರವೇ ಹುಡುಕಿ ನಂಬಿ ವ್ಯವಹಾರ ಶುರುಮಾಡಲಿ ಎಂದು ಯಾವ ಸಂಸ್ಥೆಯೂ ಬಿಡುವುದಿಲ್ಲ. ನಂಬಿಕೆ ಕುದುರುವುದು ಜನರ ನಡುವೆ.

ಸೋಪ್ ದಿನಗಳೆದಂತೆ ಭಾರವಾಯಿತು. ಸುರಕ್ಷತೆ, ಖಚಿತ ತಲುಪಿಕೆ, ವಹಿವಾಟು ಎಂದು ಒಂದೊಂದಕ್ಕೂ ಪ್ರತ್ಯೇಕ ನಿಯಮಾವಳಿ ಹುಟ್ಟಿಕೊಂಡಿತು. ಇನ್ನೊಂದು ದಾರಿಯನ್ನು ರಾಯ್ ಫೀಲ್ಡಿಂಗ್ 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ್ದರು. ರೆಸ್ಟ್ ಎಂದು ಹೆಸರಾದ ಈ ಶೈಲಿಯಲ್ಲಿ ಪ್ರತಿ ವಸ್ತುವಿಗೂ ತನ್ನದೇ ವೆಬ್ ವಿಳಾಸವಿರುತ್ತದೆ. ಕೋರಿಕೆಯನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದೆಲ್ಲ ಆ ಕೋರಿಕೆಯಲ್ಲೇ ಇರುತ್ತದೆ. ಹಿಂದಿನ ಸಂಭಾಷಣೆಯನ್ನು ಸರ್ವರ್ ನೆನಪಿಟ್ಟುಕೊಳ್ಳಬೇಕಾಗಿಲ್ಲವಾದ್ದರಿಂದ ಬಳಕೆ ಹೆಚ್ಚಿದಾಗ ಹೊಸ ಸರ್ವರುಗಳನ್ನು ಸೇರಿಸುತ್ತ ಹೋಗುವುದು ಸುಲಭ. ಡಗ್ಲಸ್ ಕ್ರಾಕ್‌ಫರ್ಡ್ ಬಳಕೆಗೆ ತಂದ ಜೆಸನ್ ಎಂಬ ಹಗುರವಾದ ಬರಹರೂಪ ಎಕ್ಸ್‌ಎಂಎಲ್‌ನ ಜಾಗವನ್ನು ಬಹುಮಟ್ಟಿಗೆ ಹಿಡಿಯಿತು. ಇಬೇ 2000ದಲ್ಲಿ, ಅಮೆಜಾನ್ 2002ರಲ್ಲಿ, ಗೂಗಲ್ ಮ್ಯಾಪ್ಸ್ 2005ರಲ್ಲಿ ಹೊರಗಿನ ತಂತ್ರಾಂಶಗಾರರಿಗೆ ತಮ್ಮ ಎಪಿಐಗಳನ್ನು ತೆರೆದವು. ಫೇಸ್‌ಬುಕ್‌ನ ಗ್ರಾಫ್‌ಕ್ಯೂಎಲ್, ಗೂಗಲ್‌ನ ಜಿಆರ್‌ಪಿಸಿ ಎರಡೂ 2015ರಲ್ಲಿ ಸಾರ್ವಜನಿಕವಾದವು.

ಒಂದು ಪಾವತಿಯ ಒಳಗೆ

ವೆಬ್ ಸೇವೆಗಳು ಒಂದರ ಹಿಂದೊಂದು ಹೇಗೆ ಕೆಲಸಮಾಡುತ್ತವೆ ಎಂಬುದಕ್ಕೆ ಯುಪಿಐಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್‌ನಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಹತ್ತಾರು ಆ್ಯಪ್‌ಗಳೂ ನೂರಾರು ಬ್ಯಾಂಕುಗಳೂ ಒಂದೇ ಎಪಿಐಗೆ ಬದ್ಧವಾಗಿವೆ. ತರಕಾರಿ ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಫೋನಿಗೆ ಸಿಗುವುದು ಅಂಗಡಿಯವರ ಪಾವತಿ ವಿಳಾಸ. ಮೊತ್ತ ಬರೆದು ಪಿನ್ ಒತ್ತಿದ ಕೂಡಲೇ ಆ ಪಿನ್ ಫೋನಿನಲ್ಲೇ ಗೂಢಲಿಪಿಗೆ ತಿರುಗುತ್ತದೆ. ಆ್ಯಪ್ ಕಂಪನಿ ಅದನ್ನು ಓದಲಾರದು. ಆ್ಯಪ್‌ನ ಹಿಂದಿರುವ ಬ್ಯಾಂಕು ‘ರಿಕ್ವೆಸ್ಟ್ ಪೇ’ ಎಂಬ ಎಕ್ಸ್‌ಎಂಎಲ್ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಿ ನಿಗಮದ ಸರ್ವರಿಗೆ ಕಳಿಸುತ್ತದೆ. ಆ ವಿಳಾಸ ಯಾರದು, ಯಾವ ಖಾತೆಯದು ಎಂದು ನಿಗಮ ಅಂಗಡಿಯವರ ಕಡೆಯ ಬ್ಯಾಂಕನ್ನು ವಿಚಾರಿಸುತ್ತದೆ. ಉತ್ತರ ಬಂದ ಮೇಲೆ ಗ್ರಾಹಕರ ಬ್ಯಾಂಕಿಗೆ ಹಣ ಕಡಿತದ ಸಂದೇಶ, ಅದು ಆಯಿತೆಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಜಮಾ ಸಂದೇಶ, ಕಡೆಗೆ ಎರಡೂ ಕಡೆಗೆ ಫಲಿತಾಂಶ. ಇಷ್ಟೂ ಸಂದೇಶಗಳು ಓಡಾಡಿ ಮುಗಿಯುವುದಕ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡು ಸಾಕು.

ಕೆಲವೊಮ್ಮೆ ಈ ಸರಪಳಿ ನಡುವೆಯೇ ತುಂಡಾಗುತ್ತದೆ. ಹಣ ಕಡಿತವಾಗಿರುತ್ತದೆ, ಜಮಾ ಆದ ಉತ್ತರ ಬಂದಿರುವುದಿಲ್ಲ. ಉತ್ತರ ಬಾರದಿದ್ದರೆ ಕೆಲಸ ಆಗಿಲ್ಲವೆಂದು ಹೇಳಲಾಗದು. ಕೆಲಸ ಆಗಿ ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಬಹುದು. ಕುರುಡಾಗಿ ಮತ್ತೆ ಕಳಿಸಿದರೆ ಎರಡು ಸಲ ಜಮಾ ಆದೀತು. ಇದಕ್ಕಾಗಿಯೇ ಪ್ರತಿ ವಹಿವಾಟಿಗೂ ಬೇರಾವುದಕ್ಕೂ ಇಲ್ಲದ ಗುರುತುಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಮತ್ತೊಮ್ಮೆ ಬಂದರೆ ಸರ್ವರ್ ಹೊಸದಾಗಿ ಕೆಲಸ ಮಾಡದೆ ಹಿಂದಿನ ಫಲಿತಾಂಶವನ್ನಷ್ಟೇ ಹೇಳಬೇಕು. ವೆಬ್ ಸೇವೆ ಕಟ್ಟುವವರ ಜಾಣ್ಮೆಯ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕಡೆ. ಎಲ್ಲವೂ ಸರಿಯಿದ್ದಾಗ ನಡೆಯುವ ಸೇವೆಯನ್ನು ಹೊಸಬರೂ ಬರೆಯಬಲ್ಲರು.

ಅನುಮತಿ ಮತ್ತು ಅವಲಂಬನೆ

ಯಾರು ಕೇಳುತ್ತಿದ್ದಾರೆ ಎಂದು ತಿಳಿಯಲು ಸರಳ ಸೇವೆಗಳು ಕೀ ಎಂಬ ಉದ್ದನೆಯ ಗುಪ್ತಪದವನ್ನು ಕೊಡುತ್ತವೆ. ಬಳಕೆದಾರರ ಪರವಾಗಿ ಬೇರೊಂದು ಆ್ಯಪ್ ಕೇಳುವಾಗ ಪಾಸ್‌ವರ್ಡನ್ನೇ ಅದರ ಕೈಗೆ ಕೊಡುವುದು ಅಪಾಯ. 2012ರಲ್ಲಿ ಶಿಷ್ಟರೂಪ ಪಡೆದ ಓಆತ್ 2.0 ಕ್ರಮದಲ್ಲಿ ಬಳಕೆದಾರರು ತಮ್ಮ ಮೂಲ ಖಾತೆಯಲ್ಲೇ ಒಪ್ಪಿಗೆ ಕೊಡುತ್ತಾರೆ. ಆ್ಯಪ್‌ಗೆ ಸಿಗುವುದು ನಿಗದಿತ ಕೆಲಸಕ್ಕೆ ಸೀಮಿತವಾದ, ಬೇಕೆಂದಾಗ ರದ್ದುಮಾಡಬಹುದಾದ ಟೋಕನ್ ಮಾತ್ರ.

ಕರಾರನ್ನು ಬರೆಯುವುದು ಸೇವೆ ಕೊಡುವವರು, ಬದಲಿಸುವುದೂ ಅವರೇ. ರೆಡಿಟ್ ತನ್ನ ಎಪಿಐ ಬಳಕೆಗೆ ಭಾರಿ ಶುಲ್ಕ ವಿಧಿಸಲು ತೀರ್ಮಾನಿಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಜನಪ್ರಿಯ ಆ್ಯಪ್ ಅಪೋಲೊ 2023ರ ಜೂನ್ ಕೊನೆಗೆ ಬಾಗಿಲು ಹಾಕಬೇಕಾಯಿತು. ಹೊಣೆಯರಿತ ಸಂಸ್ಥೆಗಳು ಹಳೆಯ ಆವೃತ್ತಿಯನ್ನು ದಿಢೀರನೆ ನಿಲ್ಲಿಸದೆ, ಹೊಸದರ ಜೊತೆಗೇ ಕೆಲಕಾಲ ನಡೆಸಿ, ಮುಂಚಿತವಾಗಿ ತಿಳಿಸಿ ನಿಲ್ಲಿಸುತ್ತವೆ.

ಕನ್ನಡದ ಮಾಹಿತಿ

ಸಂದೇಶದ ಅಂಕಣಗಳು ಹೊಂದಿಕೊಂಡರೂ ಅಕ್ಷರಗಳ ಸಂಕೇತ ಹೊಂದದಿದ್ದರೆ ಸೇವೆ ಕೆಡುತ್ತದೆ. ಯುನಿಕೋಡ್‌ಗೆ ಮೊದಲಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಹೆಸರು, ಊರು, ವಿಳಾಸಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಸಾರ್ವಜನಿಕ ಜಾಲದಲ್ಲಿ ಓಡಾಡುವ ಜೆಸನ್ ಸಂದೇಶ ಯುಟಿಎಫ್-8 ಸಂಕೇತದಲ್ಲೇ ಇರಬೇಕೆಂಬುದು 2017ರ ನಿಯಮ. ಅದರಂತೆ ‘ಕನ್ನಡ’ ಎಂಬ ಪದ ಕ, ನ, ಹಲಂತ ಚಿಹ್ನೆ, ಮತ್ತೆ ನ, ಡ ಎಂಬ ಐದು ಘಟಕಗಳಾಗಿ, ಒಂದೊಂದಕ್ಕೆ ಮೂರರಂತೆ 15 ಬೈಟ್‌ಗಳಲ್ಲಿ ಸಾಗುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಹೆಸರಿನ ಅಂಕಣಕ್ಕೆ ಇಂಗ್ಲಿಷ್ ಲೆಕ್ಕದಲ್ಲಿ 20 ಬೈಟ್‌ಗಳ ಮಿತಿ ಹಾಕಿದರೆ ಕನ್ನಡದ ಏಳನೆಯ ಘಟಕವೇ ಅದರಲ್ಲಿ ಹಿಡಿಸದೆ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕನ್ನಡಿಗರ ಹೆಸರುಗಳನ್ನು ಪಡೆಯುವ ಯಾವ ಸೇವೆಯನ್ನೇ ಕಟ್ಟಲಿ, ಅಂಕಣಗಳ ಅಳತೆಯನ್ನು ಕನ್ನಡದಲ್ಲೇ ಬರೆದು ಪರೀಕ್ಷಿಸಿ ಗೊತ್ತುಮಾಡಬೇಕು.