ಅಚ್ಚಿನ ಕೂಲಿಯೂ ಪ್ರಕಾಶಕನ ಪಟ್ಟವೂ

ತನ್ನ ಗ್ರಂಥವನ್ನು ತಾನೇ ಹಣ ಹಾಕಿ ಪ್ರಕಟಿಸಿದವನನ್ನು ಕಂಡರೆ ನಮ್ಮ ಸಾಹಿತ್ಯವಲಯದಲ್ಲಿ ಒಂದು ಬಗೆಯ ತಾತ್ಸಾರವುಂಟು. ‘ಯಾರೂ ಅಚ್ಚು ಹಾಕಲಿಲ್ಲ, ಅದಕ್ಕೇ ಕೈಯಿಂದ ಹಾಕಿಸಿಕೊಂಡ’ ಎಂಬ ಮಾತು ಬಲು ಸುಲಭವಾಗಿ ಹೊರಬೀಳುತ್ತದೆ. ಹಾಗೆ ಹೇಳುವವರು ಕನ್ನಡ ಪುಸ್ತಕದ ಚರಿತ್ರೆಯನ್ನು ಒಂದಿಷ್ಟು ಹಿಂದಕ್ಕೆ ತಿರುವಿ ನೋಡಿದರೆ ಬೆರಗಾಗುವರು. ನಮ್ಮಲ್ಲಿ ಕೈಯಿಂದ ಹಣ ಹಾಕಿದವರ ಪಂಕ್ತಿಯೇ ದೊಡ್ಡದು. ಆ ಪಂಕ್ತಿಯಲ್ಲಿ ಕುಳಿತವರೂ ಸಾಮಾನ್ಯರಲ್ಲ.

ನಾನು ಸಿಂಧನೂರು ತಾಲ್ಲೂಕಿನ ಸಾಲಗುಂದದವನು. ನಮ್ಮ ಊರಿಗೆ ಮಸ್ಕಿ ಬಹು ದೂರವಲ್ಲ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿರುವುದು ವಾಚಕರಿಗೆ ತಿಳಿದೇ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಅದನ್ನು ಕಂಡುಹಿಡಿದರು. ಉಳಿದೆಡೆಗಳಲ್ಲಿ ಬರಿಯ ಬಿರುದುಗಳಿಂದ ಮಾತ್ರ ಗುರುತಾಗಿದ್ದ ದೊರೆಯ ಸ್ವಂತ ಹೆಸರು ಅಲ್ಲಿ ಅಕ್ಷರರೂಪದಲ್ಲಿ ದೊರೆಯಿತು. ಈ ಅಶೋಕನೇ ನಮ್ಮ ಸೀಮೆಯ ಮೊದಲ ಸ್ವಯಂ-ಪ್ರಕಾಶಕನೆಂದು ನಾನು ಗೆಳೆಯರೊಡನೆ ನಗೆಯಾಡುವುದುಂಟು. ಬರೆಯಿಸಿದವನೂ ಅವನೇ, ಖರ್ಚು ಹೊತ್ತವನೂ ಅವನೇ. ಒಂದೇ ಒಕ್ಕಣೆಯನ್ನು ಹಲವು ಬಂಡೆಗಳ ಮೇಲೆ ಮರುಮುದ್ರಣ ಮಾಡಿಸಿದವನೂ ಅವನೇ. ಪ್ರತಿಗಳು ಮಾರಾಟವಾಗಲಿಲ್ಲವೆಂಬ ದೂರಂತೂ ಅವನಿಂದ ಬಂದಿಲ್ಲ.

ಪರಿಹಾಸವಿರಲಿ. ತಾಳೆಗರಿಯ ಕಾಲದಲ್ಲಿ ಒಂದು ಗ್ರಂಥದ ಬಾಳ್ವೆಯೆಂದರೆ ಪ್ರತಿ ಮಾಡಿಸುವವರ ಔದಾರ್ಯ. ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಹೆಮ್ಮೆಯಿಂದ ನೆನೆಯುವ ಸಂಗತಿ. ರನ್ನನು ತನ್ನ ಅಜಿತಪುರಾಣವನ್ನು 993ರಲ್ಲಿ ಮುಗಿಸಿದುದೂ ಆಕೆಯ ಆಶ್ರಯದಲ್ಲಿಯೇ. ಹತ್ತನೆಯ ಶತಮಾನದ ಆ ‘ಸಾವಿರ ಪ್ರತಿ’ ಎಂಬ ಲೆಕ್ಕ ಇಪ್ಪತ್ತನೆಯ ಶತಮಾನದ ಅಚ್ಚುಕೂಟಗಳಲ್ಲಿಯೂ ಹಾಗೆಯೇ ಉಳಿದು ಬಂದಿತೆಂಬುದು ಒಂದು ಸೋಜಿಗ. ಅದಕ್ಕೆ ಕಾರಣ ಮಾತ್ರ ಬೇರೆ. ಮೊಳೆ ಜೋಡಿಸುವ ಕೂಲಿ 200 ಪ್ರತಿಗೂ ಒಂದೇ, 1000 ಪ್ರತಿಗೂ ಒಂದೇ. ಆದುದರಿಂದ ಸಾವಿರಕ್ಕಿಂತ ಕಡಮೆ ತೆಗೆಸುವುದು ದಂಡವೆಂದು ಎಲ್ಲರೂ ಭಾವಿಸಿದರು. ಆ ಸಾವಿರದಲ್ಲಿ ಎಷ್ಟು ಮಾರಿದವು, ಎಷ್ಟು ಮನೆಯ ಅಟ್ಟ ಸೇರಿದವು ಎಂಬುದನ್ನು ನಮ್ಮ ಲೇಖಕರ ಮನೆಯ ಹೆಂಗಸರನ್ನು ಕೇಳಬೇಕು.

ಅಟ್ಟಕ್ಕೆ ಹಾಕದೆ ಹೆಗಲಿಗೆ ಹಾಕಿಕೊಂಡವರು ಗಳಗನಾಥರು. ಶಾಲಾ ಮಾಸ್ತರಿಕೆಯ ವೃತ್ತಿಯವರು. ಕನ್ನಡದಲ್ಲಿ ಕಾದಂಬರಿಯ ರುಚಿ ಹತ್ತಿಸಿದ ಮೊದಲಿಗರಲ್ಲಿ ಒಬ್ಬರು. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಓದುಗರ ಕೈಗೆ ತಲಪಿಸಿದರು. 1942ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಸಿರಿತನ ಬರಲಿಲ್ಲ, ಆದರೆ ಕನ್ನಡಕ್ಕೆ ಓದುಗರು ಬಂದರು.

ಫ. ಗು. ಹಳಕಟ್ಟಿಯವರದು ಇನ್ನೂ ಕಠಿಣವಾದ ದಾರಿ. ವಿಜಾಪುರದಲ್ಲಿ ವಕೀಲರು, ಮನಸ್ಸು ಮಾಡಿದ್ದರೆ ಎರಡು ಅಂತಸ್ತಿನ ಮನೆ ಕಟ್ಟಿ ಕೂಡಬಹುದಾಗಿತ್ತು. ಅವರು ಮಾಡಿದುದು ಊರೂರಿನ ಮಠ ಮನೆಗಳಲ್ಲಿ ಧೂಳು ಹಿಡಿದಿದ್ದ ವಚನಗಳ ಓಲೆಕಟ್ಟುಗಳನ್ನು ಹುಡುಕಿ ತೆಗೆಯುವ ಕೆಲಸ. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಮುಂದೆ ಮಾಡಬೇಕಾದ ಕೆಲಸ ಬೆಟ್ಟದಷ್ಟಿತ್ತು. ಪರರ ಅಚ್ಚುಕೂಟವನ್ನು ನಂಬಿ ಕೂತರೆ ಈ ಜನ್ಮದಲ್ಲಿ ಮುಗಿಯದೆಂದು ಕಂಡುಕೊಂಡು, ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ತಾವು ಬಾಡಿಗೆಯ ಮನೆಯಲ್ಲಿ ಉಳಿದರು. 1964ರಲ್ಲಿ ಅವರು ಕಣ್ಮುಚ್ಚಿದಾಗ ವಚನಗಳು ಕನ್ನಡದ ಮನೆಮಾತಾಗಿದ್ದವು. ‘ಕೈಯಿಂದ ಹಾಕಿಸಿಕೊಂಡ’ ಎಂಬ ಕೊಂಕುಮಾತನ್ನು ಹಳಕಟ್ಟಿಯವರ ಎದುರು ಆಡಬಲ್ಲವರು ಯಾರು?

ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನಿಟ್ಟು, ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ತೆಗೆದು ಸಾಲದಲ್ಲಿ ಮುಳುಗಿದರು. ಮಾಸ್ತಿಯವರು ಜೀವನ ಕಾರ್ಯಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಕುವೆಂಪು ಅವರ ಮನೆಯ ಹೆಸರೇ ಪ್ರಕಾಶನದ ಹೆಸರೂ ಆಯಿತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಕಂಡುಕೊಂಡ ಉಪಾಯ ಬೇರೆ: ಓದುಗರನ್ನೇ ಚಂದಾದಾರರನ್ನಾಗಿ ಮಾಡಿ, ಪುಸ್ತಕ ಬರುವ ಮೊದಲೇ ಅವರಿಂದ ಹಣ ಪಡೆಯುವುದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಣ ಓದುಗನದಾಗಲಿ, ಲೇಖಕನದಾಗಲಿ, ಅಚ್ಚುಕೂಟದವನು ಅಚ್ಚುಕೂಟದವನಾಗಿಯೇ ಇದ್ದ. ಫಾರಮ್ಮಿಗೆ ಇಷ್ಟೆಂದು ಕೂಲಿ ಎಣಿಸಿಕೊಂಡ, ಕಟ್ಟುಗಳನ್ನು ಒಪ್ಪಿಸಿದ, ನಮಸ್ಕಾರ ಹೇಳಿದ. ‘ನಾನು ನಿಮ್ಮ ಪ್ರಕಾಶಕ’ ಎಂದು ಅವನು ಎಂದೂ ಹೇಳಲಿಲ್ಲ. ಪುಸ್ತಕದ ಒಡೆತನವೂ ಲೇಖಕನದೇ, ಮಾರುವ ಕಷ್ಟವೂ ಅವನದೇ, ಮಾರಿ ಬಂದ ಬಿಡಿಗಾಸೂ ಅವನದೇ.

ನಮ್ಮ ರಾಯಚೂರು ಸೀಮೆಯಲ್ಲಿ ಈ ಮಟ್ಟದ ಅನುಕೂಲವೂ ಬಹುಕಾಲ ಇರಲಿಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆ. ಕಚೇರಿಯಲ್ಲಿ ಉರ್ದು, ಶಾಲೆಯಲ್ಲಿಯೂ ಬಹುಮಟ್ಟಿಗೆ ಉರ್ದು. ಕನ್ನಡದಲ್ಲಿ ಬರೆದವನಿಗೆ ಪ್ರಕಾಶಕ ಹಾಗಿರಲಿ, ಓದಬಲ್ಲವರೇ ವಿರಳ. ಹಸ್ತಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗದಗು-ಹುಬ್ಬಳ್ಳಿಗಳ ಕಡೆ ಮುಖ ಮಾಡಬೇಕಾಗಿತ್ತು. ಇದರಿಂದ ನಮ್ಮ ಕಡೆಯ ಎಷ್ಟೋ ಬರಹಗಳು ಪೆಟ್ಟಿಗೆಯಲ್ಲಿಯೇ ಗೆದ್ದಲಿಗೆ ಆಹಾರವಾದವು. ಪೆಟ್ಟಿಗೆಯ ಈ ಭಯ ನಮ್ಮವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹಣ ಕೊಟ್ಟಾದರೂ ಸರಿ, ಅಚ್ಚಾಗಲಿ ಎಂಬ ತವಕದ ಬೇರು ಅಲ್ಲಿದೆಯೆಂದು ನನಗೆ ತೋರುತ್ತದೆ.

1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಸರಕಾರವೇ ಸಗಟಾಗಿ ಕೊಳ್ಳುವ ಪದ್ಧತಿ ಬೆಳೆದಾಗ ಕನ್ನಡ ಪ್ರಕಾಶನಕ್ಕೆ ಉಸಿರು ಬಂದುದು ನಿಜ. ಆದರೆ ಅದರ ನೆರಳಿನಲ್ಲಿ ಬೇರೊಂದು ಬೆಳೆಯೂ ಬೆಳೆಯಿತು. ಲೇಖಕನಿಂದ ಅಚ್ಚಿನ ಖರ್ಚನ್ನು ವಸೂಲು ಮಾಡಿ, ಗ್ರಂಥಾಲಯದ ಬಿಲ್ಲನ್ನು ತಾವು ಪಡೆಯುವ ಕೆಲವರು ಪ್ರಕಾಶಕರೆಂಬ ಹಲಗೆ ತೂಗುಹಾಕಿದರು. ಎಲ್ಲರೂ ಹಾಗೆಂದಲ್ಲ, ಗ್ರಂಥಾಲಯದ ಹಣ ವರ್ಷಗಟ್ಟಲೆ ಬಾರದೆ ನಿಜವಾಗಿ ನವೆದ ಸಣ್ಣ ಪ್ರಕಾಶಕರನ್ನೂ ನಾನು ಬಲ್ಲೆ. ಅಚ್ಚಿನ ಕೂಲಿ ಮತ್ತು ಪ್ರಕಾಶಕನ ಪಟ್ಟ ಒಂದೇ ಕೈ ಸೇರಲು ಮೊದಲಾದುದು ಮಾತ್ರ ಇಲ್ಲಿಯೇ.

ಗಣಕಯಂತ್ರ ಬಂದ ಮೇಲೆ ಸಾವಿರ ಪ್ರತಿಯ ನಿಯಮ ಮುರಿಯಿತು. 50 ಪ್ರತಿಯನ್ನೂ ತೆಗೆಯಬಹುದು. ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನೂ ಅಚ್ಚು ಮಾಡಬಹುದು. 2008ರಲ್ಲಿ ಬೆಂಗಳೂರಿನಲ್ಲಿ ಪೋಥಿ ಡಾಟ್ ಕಾಂ, 2012ರಲ್ಲಿ ಚೆನ್ನೈಯಲ್ಲಿ ನೋಷನ್ ಪ್ರೆಸ್ ಆರಂಭವಾದವು. ಬಳಿಕ ಇಂಥ ಸಂಸ್ಥೆಗಳ ಹೆಸರು ಹಳ್ಳಿಯ ಮಾಸ್ತರರಿಗೂ ಪರಿಚಿತವಾಯಿತು. ಪುಸ್ತಕ ಅಟ್ಟ ಸೇರುವ ಶಾಪದಿಂದ ಲೇಖಕ ಪಾರಾದನೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ.

ಆ ಹಿಗ್ಗಿಗೆ ಆಧಾರವಿಲ್ಲದೆ ಇಲ್ಲ. ನಮ್ಮ ಕಡೆಯ ಒಬ್ಬ ತರುಣಿ, ದಾದಿಯ ಕೆಲಸದವಳು, ತನ್ನ ಕವನಗಳ 50 ಪ್ರತಿಗಳನ್ನು ಇಂಥ ಒಂದು ಸಂಸ್ಥೆಯಿಂದ ಮಾಡಿಸಿಕೊಂಡಳು. ಕರಡನ್ನು ತಾನೇ ಮೂರು ಸಲ ತಿದ್ದಿದಳು, ಮುಖಪುಟದ ಚಿತ್ರ ತಮ್ಮನದು. ಗೆಳತಿಯರಿಗೆ ಹಂಚಿದಳು, ಸಿಂಧನೂರಿನ ಕವಿಗೋಷ್ಠಿಯಲ್ಲಿ ಹತ್ತೆಂಟು ಮಾರಿದಳು. ‘ನಂಗ ಇಷ್ಟ ಬೇಕಾಗಿತ್ರಿ ಸರ, ಇಷ್ಟ ಸಿಕ್ತು’ ಎಂದಳು. ಅವಳು ಕೊಂಡುದು ಅಚ್ಚಿನ ಕೆಲಸವನ್ನು. ಕೊಟ್ಟುದು ಅಚ್ಚಿನ ಕೂಲಿಯನ್ನು. ಲೆಕ್ಕ ಚುಕ್ತಾ.

ಇನ್ನೊಬ್ಬರು ನಿವೃತ್ತ ಮಾಸ್ತರರು. ತುಂಗಭದ್ರೆಯ ಎಡದಂಡೆಯ ಕಾಲುವೆ ಬರುವ ಮೊದಲು ನಮ್ಮ ಕಡೆ ಜೋಳ-ಹತ್ತಿಯ ಒಣಬೇಸಾಯ ಹೇಗಿತ್ತು, ನೀರು ಬಂದ ಮೇಲೆ ಭತ್ತದ ಗದ್ದೆಗಳು ಹೇಗೆ ಹಬ್ಬಿದವು, ಹಗೇವಿನಲ್ಲಿ ಜೋಳ ತುಂಬುವ ಮನೆತನಗಳು ಏನಾದವು ಎಂಬುದನ್ನೆಲ್ಲ ಆರು ವರ್ಷ ಕೂತು ಬರೆದಿದ್ದರು. ಅಪರೂಪದ ಬರಹ. ಒಂದು ಸಂಸ್ಥೆಯವರು (ಹೆಸರು ಬೇಡ, ಮೇಲೆ ಹೇಳಿದ ಎರಡರಲ್ಲಿ ಅದು ಯಾವುದೂ ಅಲ್ಲ) ದೂರವಾಣಿಯಲ್ಲಿ ಬಹಳ ಮರ್ಯಾದೆಯಿಂದ ಮಾತನಾಡಿದರು. ಬೆಳ್ಳಿ, ಬಂಗಾರ, ವಜ್ರ ಎಂದು ಮೂರು ದರ್ಜೆ. ಮಾಸ್ತರರು ಪಿಂಚಣಿಯ ಗಂಟಿನಿಂದ ಬಂಗಾರದ ದರ್ಜೆಗೆ 60,000 ರೂಪಾಯಿ ಕಟ್ಟಿದರು. ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದ ಬರಹ ಯೂನಿಕೋಡಿಗೆ ತಿರುಗುವಾಗ ಅರ್ಕಾವತ್ತುಗಳು ದಿಕ್ಕು ತಪ್ಪಿದವು, ಒತ್ತಕ್ಷರಗಳು ಒಡೆದವು. ಕನ್ನಡ ಬಲ್ಲ ಒಬ್ಬರೂ ಅದನ್ನು ಓದಿ ನೋಡಿರಲಿಲ್ಲ. ಜೋಳದ ಹೊಲದ ಕಥೆಗೆ ಮುಖಪುಟದಲ್ಲಿ ಸಮುದ್ರದಂಡೆಯ ತೆಂಗಿನ ಮರ! ‘ಲೋಕದಾದ್ಯಂತ ಲಭ್ಯ’ ಎಂದಿದ್ದರು. ಲಭ್ಯವೇನೋ ಹೌದು, ತಿಳಿಸುವವರಿಲ್ಲ. ವರ್ಷದ ಕೊನೆಗೆ ಬಂದ ಗೌರವಧನ 212 ರೂಪಾಯಿ. ಒಪ್ಪಂದದ ಕಾಗದವನ್ನು ನನಗೆ ತೋರಿಸಿ, ‘ಇದರಾಗ ಅವರು ಮಾಡೇನಂದಿದ್ದು ಯಾವುದು, ಮಾಡಲಾರದ್ದು ಯಾವುದು, ಸ್ವಲ್ಪ ನೋಡ್ರಿ’ ಎಂದರು.

ನೋಡಿದೆ. ಮಾಡುವೆವೆಂದು ಬರೆದುದನ್ನೆಲ್ಲ ಅವರು ಮಾಡಿದ್ದರು. ಮಾರುವೆವೆಂದು ಎಲ್ಲಿಯೂ ಬರೆದಿರಲಿಲ್ಲ. ಮಾರಬೇಕಾದ ಅವಶ್ಯಕತೆಯೂ ಅವರಿಗಿರಲಿಲ್ಲ. ಲಾಭ ಮಾಸ್ತರರಿಂದಲೇ ಬಂದಾಗಿತ್ತು. ಹಳೆಯ ಪ್ರಕಾಶಕನಿಗೆ ಓದುಗನು ಗಿರಾಕಿ. ಇವರಿಗೆ ಲೇಖಕನೇ ಗಿರಾಕಿ. ಪುಸ್ತಕವು ನಡುವೆ ಬಂದುಹೋಗುವ ಒಂದು ನೆಪ. ದರ್ಜೆಯ ಪಟ್ಟಿಯಲ್ಲಿ ‘ಐಎಸ್‌ಬಿಎನ್ ಸಂಖ್ಯೆ’ ದೊಡ್ಡ ಸೌಲಭ್ಯವೆಂಬಂತೆ ಮಿನುಗುತ್ತಿತ್ತು. ಅದನ್ನು ಭಾರತ ಸರಕಾರದ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಲೇಖಕರಿಗೂ ಶುಲ್ಕವಿಲ್ಲದೆಯೇ ಕೊಡುತ್ತದೆ. ‘ಹಕ್ಕುಸ್ವಾಮ್ಯ ರಕ್ಷಣೆ’ಯೂ ಪಟ್ಟಿಯಲ್ಲಿತ್ತು, 1957ರ ಕಾಯಿದೆಯಂತೆ ಬರೆದ ಗಳಿಗೆಯಿಂದಲೇ ಆ ಹಕ್ಕು ಬರೆದವನದು, ನೋಂದಣಿ ಕಡ್ಡಾಯವೇ ಅಲ್ಲ. ನೀರನ್ನು ನದಿಯ ದಂಡೆಯಲ್ಲಿಯೇ ಮಾರಿದ ಜಾಣತನವೆನ್ನಬೇಕು.

ಇದು ನಮ್ಮೂರ ಮಾಸ್ತರರೊಬ್ಬರ ಪಾಡೆಂದು ತಿಳಿಯಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ 1949ರಲ್ಲಿ ಹುಟ್ಟಿದ ವಾಂಟೇಜ್ ಪ್ರೆಸ್ ದಶಕಗಳ ಕಾಲ ಹೀಗೆಯೇ ಲೇಖಕರ ಹಣದಿಂದ ನಡೆಯಿತು. ಪುಸ್ತಕಗಳನ್ನು ಮಾರಲು ಪ್ರಯತ್ನವನ್ನೇ ಮಾಡಲಿಲ್ಲವೆಂದು ಲೇಖಕರು ನ್ಯಾಯಾಲಯಕ್ಕೆ ಹೋಗಿ, 1990ರಲ್ಲಿ 35 ಲಕ್ಷ ಡಾಲರುಗಳ ಪರಿಹಾರದ ತೀರ್ಪನ್ನು ಪಡೆದರು. 2012ರಲ್ಲಿ ಆ ಸಂಸ್ಥೆ ಮುಚ್ಚಿತು. ಅದೇ ವರ್ಷ ಪೆಂಗ್ವಿನ್ನಿನಂಥ ಘನ ಪ್ರಕಾಶನದ ಒಡೆಯರು, ಹಣ ಪಡೆದು ಪುಸ್ತಕ ತೆಗೆಯುವ ಆಥರ್ ಸೊಲ್ಯೂಷನ್ಸ್ ಎಂಬ ಸಂಸ್ಥೆಯನ್ನು 11 ಕೋಟಿ 60 ಲಕ್ಷ ಡಾಲರಿಗೆ ಕೊಂಡುಕೊಂಡರು. ಓದುಗರಿಗಿಂತ ಬರೆಯುವವರ ಸಂಖ್ಯೆಯೇ ಲಾಭಕರವೆಂದು ದೊಡ್ಡವರಿಗೂ ತೋರಿತೆಂದಾಯಿತು. ಇತ್ತ, 1913ರಲ್ಲಿ ಪ್ಯಾರಿಸಿನ ಗ್ರಾಸೆ ಎಂಬ ಪ್ರಕಾಶಕರು ಲೇಖಕನ ಖರ್ಚಿನಲ್ಲಿಯೇ ತೆಗೆದ ಒಂದು ಕಾದಂಬರಿ ಮಾರ್ಸೆಲ್ ಪ್ರೂಸ್ತ್‌ನದು. ಹಾಗಾಗಿ ಹಣ ಕೊಟ್ಟು ಬಂದ ಪುಸ್ತಕವೆಲ್ಲ ಕಳಪೆಯೆಂದು ಹೇಳಲು ಬಾಯಿ ಬಾರದು.

ಮಾಸ್ತರರಿಗೆ ನಾನು ತೋರಿಸಿದುದು ಕಾಯಿದೆಯ ಒಂದು ವಿಧಿಯನ್ನು. ಹಕ್ಕನ್ನು ಒಪ್ಪಿಸಿದ ಕಾಗದದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರವೆಂದು 19ನೆಯ ವಿಧಿ ಹೇಳುತ್ತದೆ. ಅವರ ಕಾಗದದಲ್ಲಿ ಅವಧಿಯೇ ಇರಲಿಲ್ಲ. ಐದು ವರ್ಷಗಳಲ್ಲಿ ನಾಲ್ಕು ಆಗಲೇ ಕಳೆದಿದ್ದವು. ಉಳಿದ ಒಂದು ವರ್ಷ ಅವರು ಸುಮ್ಮನೆ ಕೂಡಲಿಲ್ಲ. ಇದ್ದ ಒಂದು ಪ್ರತಿಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಅರ್ಕಾವತ್ತುಗಳನ್ನೆಲ್ಲ ಒಂದೊಂದಾಗಿ ಅವುಗಳ ಸ್ಥಾನಕ್ಕೆ ತಂದರು. ಅವಧಿ ಮುಗಿದ ಮೇಲೆ ಸಿಂಧನೂರಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ 200 ಪ್ರತಿ ಹಾಕಿಸಿದರು. ಪುಟಕ್ಕೆ ಇಷ್ಟೆಂದು ಹೇಳಿದ ಮುದ್ರಣಾಲಯದವನು, ‘ಮಾರಾಟ ನಿಮ್ಮದ್ರಿ, ನಂದೇನಿಲ್ಲ’ ಎಂದು ಮೊದಲೇ ಕೈ ತೊಳೆದುಕೊಂಡ. ಮಾಸ್ತರರಿಗೆ ಆ ಮಾತು ಬಹಳ ಹಿಡಿಸಿತು. ಈಗ ಕೈಚೀಲದಲ್ಲಿ ಹತ್ತು ಪ್ರತಿ ಇಟ್ಟುಕೊಳ್ಳದೆ ಅವರು ಮದುವೆಗೂ ಹೋಗುವುದಿಲ್ಲ. ಕಾಲುವೆಯ ನೀರಿನ ಜಗಳಕ್ಕೆ ಸೇರಿದ ರೈತರ ಸಭೆಯಲ್ಲಿ ಒಂದೇ ದಿನ 31 ಪ್ರತಿ ಹೋದವಂತೆ.